ರಿಗ್ಗಿನ ಕಸದಿಂದ ಬ್ಲಾಕ್ ಮಾಡಿದ ಕಥೆ

ಎಣ್ಣೆ ಬಾವಿ ಕೊರೆಯುವ ರಿಗ್ಗಿನಿಂದ ಬಂದ ಚೂರನ್ನು ಸಿಮೆಂಟಿಗೆ ಬೆರೆಸಿ ಮಾಡಿದ ನನ್ನ ಮೊದಲ ಬ್ಲಾಕುಗಳು ಅಚ್ಚಿನಿಂದ ಬಿಡಿಸಿದಾಗ ಚೆನ್ನಾಗೇ ಇದ್ದವು. ಹತ್ತು ದಿನದೊಳಗೆ ಮೈಮೇಲೆಲ್ಲ ಬಿಳಿ ಪುಡಿ ಎದ್ದಿತು. ಅಲ್ಲಲ್ಲಿ ಚಕ್ಕೆ ಸಿಡಿದು ಸಿಡುಬಿನ ಕಲೆಯಂಥ ಗುಂಡಿಗಳಾದವು.

ಕೊರೆಯುವಾಗ ಮೇಲೆ ಬರುವ ಈ ಚೂರು ಬರೀ ಕಲ್ಲು ಅಂದುಕೊಂಡದ್ದೇ ನನ್ನ ತಪ್ಪು. ಶೇಕರ್ ಅನ್ನುವ ಅಲುಗಾಡುವ ಜರಡಿಯಿಂದ ಇಳಿದ ಮೇಲೂ ಅದಕ್ಕೆ ಮಡ್, ಅಂದರೆ ಕೊರೆಯುವಾಗ ಬಾವಿಯೊಳಗೆ ಹರಿಸುವ ಕೆಸರಿನಂಥ ದ್ರವ, ಮೆತ್ತಿಕೊಂಡಿರುತ್ತದೆ. ನನಗೆ ಸಿಕ್ಕ ಮಡ್ಡಿನಲ್ಲಿ ಬೆಂಟೊನೈಟ್ ಜೇಡಿ, ತೂಕಕ್ಕೆ ಬ್ಯಾರೈಟ್ ಎಂಬ ಭಾರದ ಖನಿಜ, ಜೊತೆಗೆ ಪೊಟ್ಯಾಸಿಯಂ ಕ್ಲೋರೈಡ್ ಇತ್ತು. ಬಾವಿಯ ಗೋಡೆಯ ಜೇಡಿಗಲ್ಲು ನೀರು ಕುಡಿದು ಉಬ್ಬಬಾರದು ಅಂತ ಈ ಉಪ್ಪು ಹಾಕುತ್ತಾರೆ. ಬಾವಿಗೆ ಅದು ಕಾವಲು, ಬ್ಲಾಕಿಗೆ ಕಾಟ. ಬಿಳಿ ಪುಡಿ ಅದರದ್ದೇ. ಗುಂಡಿಗಳು ಜೇಡಿಯ ಕೆಲಸ. ಬಿಸಿಲಲ್ಲಿ ಒಣಗಿ ಗಂಟಾಗಿದ್ದ ಜೇಡಿ, ಬ್ಲಾಕ್ ಗಟ್ಟಿಯಾಗಲೆಂದು ಹಾಕುವ ಕ್ಯೂರಿಂಗ್ ನೀರು ಕುಡಿದು ಒಳಗೇ ಉಬ್ಬಿತ್ತು.

ಅಲ್ಲಿಂದ ನನ್ನ ಅರ್ಧ ಕೆಲಸ ತೊಳೆಯುವುದೇ ಆಯಿತು. ಮೂರು ಸಲ ತೊಳೆಯುತ್ತೇನೆ, ಪ್ರತಿ ಸಲವೂ ನೀರಿನ ಉಪ್ಪು ಅಳೆಯುತ್ತೇನೆ. ಆ ನೀರನ್ನು ಮಣ್ಣಿಗೆ ಬಿಡುವ ಹಾಗಿಲ್ಲ. ಅದನ್ನು ರಿಗ್ಗಿನವರಿಗೇ ವಾಪಸ್ ಕೊಡುತ್ತೇನೆ. ಹೊಸ ಮಡ್ ಕಲಸಲು ಹೇಗೂ ಅವರಿಗೆ ಉಪ್ಪು ನೀರೇ ಬೇಕು, ಅಲ್ವಾ? ತೊಳೆದದ್ದನ್ನು ಪೂರ್ತಿ ಒಣಗಲು ಬಿಡದೆ, ಸ್ವಲ್ಪ ಪಸೆ ಇರುವಾಗಲೇ ಪುಡಿ ಮಾಡುತ್ತೇನೆ. ಒಣಗಿದ ಗಂಟಿಗೆ ಸುತ್ತಿಗೆಯೇ ಬೇಕು.

ಇನ್ನೊಂದು ತಲೆನೋವು, ಮಾಲು ದಿನಾ ಒಂದೇ ಥರ ಇರುವುದಿಲ್ಲ. ಮೇಲಿನ ಆಳದಲ್ಲಿ ಜೇಡಿ ಜಾಸ್ತಿ ಬಂದರೆ ಕೆಳಗೆ ಮರಳುಗಲ್ಲೋ ಸುಣ್ಣಕಲ್ಲೋ ಬರಬಹುದು. ಹಾಗಾಗಿ ಆಳದ ಪ್ರಕಾರ ಬೇರೆ ಬೇರೆ ಗುಡ್ಡೆ ಹಾಕಿಸುತ್ತೇನೆ. ಗಾಜಿನ ಬಾಟಲಿಗೆ ಒಂದು ಹಿಡಿ ಚೂರು, ನೀರು ಹಾಕಿ ಜೋರಾಗಿ ಕುಲುಕುತ್ತೇನೆ. ಮರಳು ನಿಮಿಷದಲ್ಲಿ ತಳಕ್ಕೆ ಕೂರುತ್ತದೆ, ಜೇಡಿ ಗಂಟೆಗಟ್ಟಲೆ ತೇಲುತ್ತದೆ. ಸಂಜೆಗೂ ನೀರು ರಾಡಿಯಾಗಿಯೇ ಇದ್ದರೆ ಆ ಗುಡ್ಡೆ ಬ್ಲಾಕಿಗೆ ಬೇಡ.

ನೀರಿನ ಬದಲು ಎಣ್ಣೆಯಲ್ಲಿ ಕಲಸಿದ ಮಡ್ಡಿನ ಚೂರನ್ನಂತೂ ಮುಟ್ಟುವುದೇ ಇಲ್ಲ. ಎಣ್ಣೆ ಸಿಮೆಂಟ್ ಕಣಕ್ಕೆ ಅಂಟಿಕೊಂಡು ನೀರು ತಾಗಲು ಬಿಡುವುದಿಲ್ಲ. ಮೊದಲು ಕಾಯಿಸಿ ಎಣ್ಣೆಯನ್ನು ಆವಿ ಮಾಡಿ ತೆಗೆಯಬೇಕು, ಅಷ್ಟು ದೊಡ್ಡ ಯಂತ್ರ ನನ್ನ ಬಳಿ ಇಲ್ಲ.

ಮೊದಲು ಮರಳಿನ ಅರ್ಧದಷ್ಟು ಚೂರು ಹಾಕಿದ್ದೆ, ದುರಾಸೆ! ಈಗ ಐದರಲ್ಲಿ ಒಂದು ಪಾಲು ಮಾತ್ರ. ಸಿಮೆಂಟಿನ ಜೊತೆ ಸ್ವಲ್ಪ ಹಾರುಬೂದಿ ಸೇರಿಸುತ್ತೇನೆ. ಬ್ಲಾಕ್ ಮಾಡಿದ 7ನೇ ದಿನ ಒಮ್ಮೆ, 28ನೇ ದಿನ ಒಮ್ಮೆ ಒತ್ತಿ ಒಡೆದು ಬಲ ನೋಡುತ್ತೇನೆ. ಒಡೆದ ಚೂರು ಸುಮ್ನೆ ಬಿಸಾಡದೆ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಅದರ 20 ಪಟ್ಟು ತೂಕದ ಹುಳಿ ದ್ರಾವಣದಲ್ಲಿ 18 ಗಂಟೆ ಉರುಳಿಸಿ, ಏನು ಬಿಟ್ಟುಕೊಳ್ಳುತ್ತದೆ ಅಂತ ಅಳೆಯುತ್ತಾರೆ. ಬ್ಯಾರೈಟ್ ಸುಲಭಕ್ಕೆ ಕರಗುವುದಿಲ್ಲ. ಆದರೆ ಅದರ ಅದಿರಿನೊಂದಿಗೆ ಸೀಸ ಬಂದಿರಬಹುದು, ನನ್ನ ಕಣ್ಣು ಅದರ ಮೇಲೆ.

ಕ್ಲೋರೈಡ್ ಕಬ್ಬಿಣ ತಿನ್ನುತ್ತದೆ. ಎಷ್ಟೇ ತೊಳೆದರೂ ಕಂಬಿ ಹಾಕುವ ಕಾಂಕ್ರೀಟಿಗೆ ಈ ಚೂರು ಕೊಡುವುದಿಲ್ಲ. ಕಾಲುದಾರಿಯ ಪೇವರ್, ಕಾಂಪೌಂಡ್ ಬ್ಲಾಕ್, ಅಷ್ಟೇ. ಜೇಡಿ ಜಾಸ್ತಿ ಇರುವ ಗುಡ್ಡೆಗಳು ಮೂಲೆಯಲ್ಲಿ ಬಿದ್ದಿವೆ. ಅದರ ನಾಲ್ಕು ಇಟ್ಟಿಗೆ ಗೂಡಲ್ಲಿ ಸುಟ್ಟು ನೋಡಿದೆ. ಎರಡು ಸೀಳಿದವು, ಎರಡು ಗಟ್ಟಿಯಾಗಿ ನಿಂತಿವೆ.