ಮಾಲೂರಿನಿಂದ ಬೆಳಗಿನ ಮೆಮು: ಮೊದಲು ಇಳಿಯುವ ಜಾಗ, ಆಮೇಲೆ ಹತ್ತುವ ಬೋಗಿ

ನಮ್ಮ ಪಕ್ಕದ ಮನೆ ಹುಡುಗಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ. ಸೋಮವಾರದಿಂದ ಹೋಗಬೇಕು. ಮೊನ್ನೆ ಸಂಜೆ ಬಂದು "ಅಕ್ಕಾ, ಬೆಳಗ್ಗೆ ಎಷ್ಟು ಗಂಟೆ ಟ್ರೈನಿಗೆ ಹೋಗಲಿ?" ಅಂತ ಕೇಳಿದಳು. ಮಾಲೂರಿನಿಂದ ಬೆಂಗಳೂರಿನ ದಂಡು ಸ್ಟೇಷನ್ನಿಗೆ ನಾನು ಹನ್ನೊಂದು ವರ್ಷದಿಂದ ಓಡಾಡುತ್ತಿದ್ದೇನೆ. ಹೊಸದಾಗಿ ಹೊರಟವರೆಲ್ಲ ಇದನ್ನೇ ಕೇಳುತ್ತಾರೆ. ನಾನು ಅವಳಿಗೆ ತಿರುಗಿ ಕೇಳಿದೆ: "ನೀನು ಎಲ್ಲಿ ಇಳಿಯಬೇಕಮ್ಮಾ?" ಅವಳಿಗೆ ಗೊತ್ತಿರಲಿಲ್ಲ. ಹೇಳಿದ್ದೆಲ್ಲ ನೆನಪಿರುವುದು ಕಷ್ಟ ಅಲ್ವಾ, ಅದಕ್ಕೇ ಬರೆದಿಡುತ್ತಿದ್ದೇನೆ.

ಬೆಂಗಳೂರು ಅಂದರೆ ಕೊನೆಯ ಸ್ಟೇಷನ್ ಅಂತ ತಿಳಿಯಬೇಡಿ. ನಮ್ಮ ಮೆಮು (ಹತ್ತಿರದ ಊರುಗಳ ನಡುವೆ ಓಡುವ ಕರೆಂಟ್ ಟ್ರೈನು) ಮಾಲೂರು ಬಿಟ್ಟ ಮೇಲೆ ದೇವನಗೊಂದಿ, ವೈಟ್‌ಫೀಲ್ಡ್, ಹೂಡಿ, ಕೆ.ಆರ್. ಪುರ, ಬೈಯಪ್ಪನಹಳ್ಳಿ, ಬೆಂಗಳೂರು ಪೂರ್ವ, ದಂಡು ದಾಟಿ ಆಮೇಲೆ ಮೆಜೆಸ್ಟಿಕ್ ಸೇರುತ್ತದೆ. ದಂಡು ಅಂದರೆ ಕಂಟೋನ್ಮೆಂಟ್. ಬೋರ್ಡಿನಲ್ಲಿ ಕನ್ನಡದಲ್ಲಿ 'ಬೆಂಗಳೂರು ದಂಡು' ಅಂತಲೇ ಇದೆ. ಅದು ಗೊತ್ತಿಲ್ಲದೆ ಕಂಟೋನ್ಮೆಂಟ್ ಇನ್ನೂ ಬಂದಿಲ್ಲ ಅಂದುಕೊಂಡು ಕೂತೇ ಇದ್ದವರನ್ನು ನಾನೇ ಎಬ್ಬಿಸಿ ಇಳಿಸಿದ್ದೇನೆ.

ಮೊದಲು ನಾವೆಲ್ಲ ಮೆಜೆಸ್ಟಿಕ್ಕಿಗೆ ಹೋಗಿ, ಅಲ್ಲಿಂದ ಬಸ್ಸು ಹಿಡಿದು, ಬಂದ ದಾರಿಯಲ್ಲೇ ಅರ್ಧ ವಾಪಸ್ ಬರುತ್ತಿದ್ದೆವು. ಮೆಟ್ರೊ ಬಂದ ಮೇಲೆ ಲೆಕ್ಕ ಬದಲಾಯಿತು. ನೇರಳೆ ಮಾರ್ಗ 2023ರ ಮಾರ್ಚಿನಲ್ಲಿ ವೈಟ್‌ಫೀಲ್ಡಿಗೆ ಬಂತು. ಕೆ.ಆರ್. ಪುರ ಮತ್ತು ಬೈಯಪ್ಪನಹಳ್ಳಿ ನಡುವೆ ಉಳಿದಿದ್ದ ತುಂಡು ಅದೇ ವರ್ಷ ಅಕ್ಟೋಬರಿನಲ್ಲಿ ಸೇರಿಕೊಂಡಿತು. ಹಾಗಾಗಿ ಐಟಿಪಿಎಲ್ ಟೆಕ್ ಪಾರ್ಕ್ ಕಡೆ ಕೆಲಸವಿದ್ದರೆ ವೈಟ್‌ಫೀಲ್ಡಿನಲ್ಲೇ ಇಳಿದು ಮೆಟ್ರೊ ಹತ್ತಿ. ಮಹದೇವಪುರ, ಮಾರತ್ತಹಳ್ಳಿ, ಹೊರವರ್ತುಲ ರಸ್ತೆ ಕಡೆಯಾದರೆ ಕೆ.ಆರ್. ಪುರದಲ್ಲಿ ಇಳಿದು ಬಸ್ಸು ಹಿಡಿಯಿರಿ. ಇಂದಿರಾನಗರ, ಎಂ.ಜಿ. ರಸ್ತೆ ಕಡೆಯವರಿಗೆ ಬೈಯಪ್ಪನಹಳ್ಳಿ. ಶಿವಾಜಿನಗರ, ವಸಂತನಗರ, ಕ್ವೀನ್ಸ್ ರಸ್ತೆಯವರಿಗೆ ದಂಡು. ನಾನು ದಂಡಿನಿಂದ ಆಫೀಸಿಗೆ ನಡೆದೇ ಹೋಗುತ್ತೇನೆ.

ಈಗ ಬೋಗಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಅದಕ್ಕೇ ಸ್ವಲ್ಪ ಜಾಸ್ತಿ ಬರೆಯುತ್ತೇನೆ. ಬೆಳಗಿನ ಗಾಡಿಯಿಂದ ಒಂದೇ ಸಲಕ್ಕೆ ನೂರಾರು ಜನ ಇಳಿಯುತ್ತಾರೆ. ಎಲ್ಲರೂ ಒಂದೇ ಮೇಲ್ಸೇತುವೆಯ ಮೆಟ್ಟಿಲಿಗೆ ನುಗ್ಗುತ್ತಾರೆ. ಮೆಟ್ಟಿಲಿನ ಎದುರು ಇಳಿದವರು ಆರಾಮಾಗಿ ಹೊರಗೆ ಹೋಗುತ್ತಾರೆ. ಕೊನೆಯ ಬೋಗಿಯಲ್ಲಿ ಇಳಿದವರು ಜನ ಕರಗುವವರೆಗೆ ಕಾಯಬೇಕು. ಹತ್ತು ನಿಮಿಷ ಸುಮ್ನೆ ಹೋಗುತ್ತದೆ. ಮೊದಲ ದಿನ ಎಲ್ಲಾದರೂ ಹತ್ತಿ. ಇಳಿದ ಮೇಲೆ ಮಾತ್ರ ಮೆಟ್ಟಿಲಿನ ಎದುರು ನಿಂತಿರುವ ಬೋಗಿ ಮುಂದಿನಿಂದ ಎಷ್ಟನೆಯದು ಅಂತ ಎಣಿಸಿಕೊಳ್ಳಿ. ಮಾರನೇ ದಿನ ಮಾಲೂರಿನಲ್ಲಿ ಆ ಬೋಗಿ ಎಲ್ಲಿ ನಿಲ್ಲುತ್ತದೆ ನೋಡಿ, ಎದುರಿಗಿರುವ ಕಂಬವನ್ನೋ ಕಲ್ಲು ಬೆಂಚನ್ನೋ ಗುರುತಿಟ್ಟುಕೊಳ್ಳಿ. ನನ್ನ ಗುರುತು ಒಂದು ನೀರಿನ ನಲ್ಲಿ. ಮೆಮುವಿನಲ್ಲಿ ಎಂಟು ಬೋಗಿಯದೂ ಇದೆ, ಹದಿನಾರು ಬೋಗಿಯದೂ ಇದೆ. ಎರಡೂ ನಿಲ್ಲುವ ಜಾಗ ಒಂದೇ ಇರುವುದಿಲ್ಲ. ನಿಮ್ಮ ಗಾಡಿ ಯಾವುದು ಅಂತ ತಿಳಿದುಕೊಂಡೇ ಕಂಬ ಹಿಡಿಯಿರಿ. ಮಹಿಳೆಯರ ಬೋಗಿ ಎಲ್ಲಿ ಬರುತ್ತದೆ ಅಂತ ಅಲ್ಲೇ ನಿಂತಿರುವ ಹೆಂಗಸರನ್ನು ಕೇಳಿ, ಪ್ರೀತಿಯಿಂದ ಹೇಳುತ್ತಾರೆ.

ಸೀಟಿನ ವಿಷಯ. ಮಾಲೂರಿಗೆ ಬರುವ ಹೊತ್ತಿಗೆ ಗಾಡಿ ತುಂಬಿರುತ್ತದೆ. ಕೆ.ಜಿ.ಎಫ್.ನ ಮಾರಿಕುಪ್ಪಂನಿಂದ ಹೊರಟು, ಊರ್ಗಾಂ, ಕೋರಮಂಡಲ್, ಬಂಗಾರಪೇಟೆ, ಟೇಕಲ್ ಎಲ್ಲ ದಾಟಿ ಬಂದಿರುತ್ತದೆ. ಕೆ.ಜಿ.ಎಫ್.ನಲ್ಲಿ 2001ರಲ್ಲಿ ಚಿನ್ನದ ಗಣಿ ಮುಚ್ಚಿತು. ಆಮೇಲೆ ಅಲ್ಲಿನ ಎಷ್ಟೋ ಮನೆಗಳ ಅನ್ನ ಈ ಗಾಡಿಯ ಮೇಲೇ ನಿಂತಿದೆ. ಅವರು ಇನ್ನೂ ಕತ್ತಲಿರುವಾಗಲೇ ಮನೆ ಬಿಟ್ಟಿರುತ್ತಾರೆ. ಹಾಗಾಗಿ ಮೂರು ಜನರ ಸೀಟಿನಲ್ಲಿ ನಿದ್ದೆ ಮಾಡುತ್ತಿರುವವರನ್ನು ಎಬ್ಬಿಸಿ "ಸ್ವಲ್ಪ ಸರೀರಿ" ಅಂತ ನಾಲ್ಕನೆಯವರಾಗಿ ಕೂರಬೇಡಿ. ನಮಗೆ ವೈಟ್‌ಫೀಲ್ಡಿಗೆ ಅರ್ಧ ಗಂಟೆಗಿಂತ ಕಡಿಮೆ ದಾರಿ. ಅಷ್ಟು ಹೊತ್ತು ನಿಲ್ಲಬಹುದು.

ಬದಲಿಗೆ ಎಚ್ಚರವಿರುವವರನ್ನು ಮೆಲ್ಲಗೆ ಕೇಳಿ: "ಎಲ್ಲಿ ಇಳೀತೀರಾ?" ವೈಟ್‌ಫೀಲ್ಡ್ ಅಂದರೆ ಅವರ ಪಕ್ಕದಲ್ಲೇ ನಿಲ್ಲಿ. ಆ ಸೀಟು ನಿಮಗೆ ಅಂತ ಸುತ್ತ ಇರುವವರೂ ಒಪ್ಪುತ್ತಾರೆ. ನಾಲ್ಕು ದಿನ ಕಳೆದರೆ ಕೇಳುವುದೇ ಬೇಡ, ನಿಮ್ಮನ್ನು ಕಂಡ ಕೂಡಲೇ ಅವರೇ "ಬಾಮ್ಮಾ, ಇಲ್ಲಿ ನಿಂತ್ಕೋ" ಅನ್ನುತ್ತಾರೆ. ನಿಂತಿರುವಾಗ ಬ್ಯಾಗು ಬೆನ್ನಿಗೆ ಬೇಡ, ಮುಂದಕ್ಕೆ ಹಾಕಿಕೊಳ್ಳಿ. ಬಾಗಿಲಲ್ಲಿ ಮಾತ್ರ ನಿಲ್ಲಬೇಡಿ. ಗಾಳಿ ಬರುತ್ತದೆ ಅಂತ ಹುಡುಗರು ಹೊರಗೆ ವಾಲುತ್ತಾರೆ, ಕರೆಂಟ್ ಕಂಬಗಳು ಎಷ್ಟು ಹತ್ತಿರದಲ್ಲಿ ಹೋಗುತ್ತವೆ ನೋಡಿದರೆ ಎದೆ ಝಲ್ ಅನ್ನುತ್ತದೆ. ಬೋಗಿಯಲ್ಲಿ ಯಾರಾದರೂ ತೊಂದರೆ ಕೊಟ್ಟರೆ 139ಕ್ಕೆ ಫೋನ್ ಮಾಡಿ, ಸಂಕೋಚ ಬೇಡ.

ಗಾಡಿಯ ಸಮಯ ಇಲ್ಲಿ ಬರೆಯುವುದಿಲ್ಲ, ಅದು ಆಗಾಗ ಬದಲಾಗುತ್ತದೆ. 'ವೇರ್ ಈಸ್ ಮೈ ಟ್ರೈನ್' ಆ್ಯಪ್ ಹಾಕಿಕೊಳ್ಳಿ. ಅದರಲ್ಲಿ ಇಳಿಯುವ ಸ್ಟೇಷನ್ನಿಗೆ ಅಲಾರಂ ಇಡಬಹುದು, ನಿದ್ದೆ ಹತ್ತಿದರೂ ಭಯವಿಲ್ಲ. ಮೊದಲ ಒಂದು ವಾರ ನಿಮಗೆ ಬೇಕಾದ ಗಾಡಿಗಿಂತ ಒಂದು ಗಾಡಿ ಮುಂಚೆ ಹೊರಡಿ. ರಾತ್ರಿ ಚೆನ್ನೈ ಬಿಟ್ಟ ಎಕ್ಸ್‌ಪ್ರೆಸ್‌ಗಳು ಬೆಳಗ್ಗೆ ಇದೇ ಲೈನಿನಲ್ಲಿ ಬರುತ್ತವೆ. ಅವು ತಡವಾದ ದಿನ ನಮ್ಮ ಮೆಮುವನ್ನು ಪಕ್ಕದ ಲೈನಿಗೆ ಹಾಕಿ ಅವನ್ನು ಮುಂದೆ ಬಿಡುತ್ತಾರೆ. ದೇವನಗೊಂದಿಯಲ್ಲಿ ಪೆಟ್ರೋಲ್ ಡಿಪೋ ನೋಡುತ್ತಾ ನಾನು ಎಷ್ಟು ಬೆಳಗು ಕಳೆದಿದ್ದೇನೋ.

ಪಾಸ್ ಮಾಡಿಸುವುದು ಸುಲಭ. ತಿಂಗಳ ಪಾಸೂ ಇದೆ, ಮೂರು ತಿಂಗಳದೂ ಇದೆ. ಮೂರು ತಿಂಗಳದಕ್ಕೆ ತಿಂಗಳ ಪಾಸಿನ 2.7 ಪಟ್ಟು ದುಡ್ಡು, ಅಂದರೆ ಸ್ವಲ್ಪ ಉಳಿಯುತ್ತದೆ. ಅವಧಿ ಮುಗಿಯುವ ಹತ್ತು ದಿನ ಮೊದಲೇ ಮುಂದಿನದನ್ನು ಮಾಡಿಸಬಹುದು. ಒಂದನೇ ತಾರೀಖು ಬೆಳಗ್ಗೆ ಕೌಂಟರಿಗೆ ಹೋಗಬೇಡಿ, ಸಾಲು ರಸ್ತೆಯವರೆಗೆ ಇರುತ್ತದೆ. ಫೋಟೊ ಇರುವ ಗುರುತಿನ ಚೀಟಿ ಜೊತೆಯಲ್ಲೇ ಇರಲಿ. ಎರಡನೇ ವರ್ಷದಲ್ಲಿ ಒಮ್ಮೆ ನನ್ನ ಪಾಸ್ ಹಿಂದಿನ ದಿನವೇ ಮುಗಿದಿತ್ತು, ನಾನು ನೋಡಿರಲಿಲ್ಲ. ದಂಡಿನಲ್ಲಿ ಟಿ.ಸಿ. ಹಿಡಿದರು. 250 ರೂಪಾಯಿ ದಂಡ, ಮೇಲೆ ಟಿಕೆಟ್ ದುಡ್ಡು. ತಿಂಗಳ ಕೊನೆ, ಪರ್ಸಿನಲ್ಲಿ ಇದ್ದದ್ದೇ ಮುನ್ನೂರು. ಆವತ್ತಿನಿಂದ ಪಾಸಿನ ಕೊನೆ ದಿನವನ್ನು ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಮಾಡುತ್ತೇನೆ. ಇನ್ನೊಂದು ಮಾತು, ಪಾಸ್ ಇದೆ ಅಂತ ಎಕ್ಸ್‌ಪ್ರೆಸ್ಸಿನ ರಿಸರ್ವೇಷನ್ ಬೋಗಿಗೆ ಹತ್ತಬಾರದು.

ಊಟದ ಡಬ್ಬಿಗೆ ಸಾರು, ಹುಳಿ ಬೇಡ. ನೂಕುನುಗ್ಗಲಿನಲ್ಲಿ ಮುಚ್ಚಳ ಬಿಟ್ಟುಕೊಂಡರೆ ನಿಮ್ಮ ಬ್ಯಾಗೂ ಹೋಯಿತು, ಪಕ್ಕದವರ ಸೀರೆಯೂ ಹೋಯಿತು. ಚಿತ್ರಾನ್ನ, ಚಪಾತಿ ಪಲ್ಯ ಸಾಕು. ಡಿಸೆಂಬರಿನಲ್ಲಿ ಸ್ವೆಟರ್ ಮರೆಯಬೇಡಿ, ಪ್ಲಾಟ್‌ಫಾರಂನಲ್ಲಿ ಮಂಜು ಸುರಿಯುತ್ತಿರುತ್ತದೆ.

ಸಂಜೆ ಬರುವಾಗ ಗಡಿಬಿಡಿ ಇರುವುದಿಲ್ಲ. ದಂಡಿನಲ್ಲಿ ಹತ್ತಿದರೆ ಕೆಲವು ಸಲ ಕೂರಲು ಸಿಗುತ್ತದೆ, ಕೆ.ಆರ್. ಪುರದಲ್ಲಿ ಹತ್ತುವವರಿಗೆ ಕಷ್ಟ. ನಮ್ಮ ಬೋಗಿಯಲ್ಲಿ ಹೂ ಕಟ್ಟುವವರು ಇದ್ದಾರೆ, ಸೊಪ್ಪು ಬಿಡಿಸುವವರು ಇದ್ದಾರೆ. ಅವರೆಕಾಯಿ ಕಾಲದಲ್ಲಂತೂ ಎಲ್ಲರ ಮಡಿಲಲ್ಲೂ ಕಾಯಿ. ಒಬ್ಬರ ಚೀಲಕ್ಕೆ ನಾಲ್ಕು ಜನ ಕೈ ಹಾಕಿದರೆ ಮಾಲೂರು ಬರುವುದರೊಳಗೆ ರಾತ್ರಿ ಸಾರಿಗೆ ಕಾಳು ರೆಡಿ. ಆಗ ಬ್ಯಾಗಿನಲ್ಲಿ ಒಂದು ಖಾಲಿ ಚೀಲ ಇಟ್ಟುಕೊಂಡಿರಿ. ಸಿಪ್ಪೆಯನ್ನು ಸೀಟಿನ ಕೆಳಗೆ ಬಿಡದೆ ಅದಕ್ಕೆ ತುಂಬಿಕೊಂಡು ಬನ್ನಿ. ನಮ್ಮ ಮನೆಯಲ್ಲಿ ಎರಡು ಹಸು ಇವೆ, ಸ್ಟೇಷನ್ನಿನಲ್ಲೇ ನನ್ನ ಕೈಗೆ ಕೊಟ್ಟರೂ ಆಯಿತು.