ಮಗ್ಗದವರ ಕಿವಿ ಪರೀಕ್ಷೆ: ನಾನು ಮಾಡುವ ರೀತಿ

ಮಗ್ಗದಿಂದ ಎದ್ದು ನೇರವಾಗಿ ಬಂದವರ ಕಿವಿಯನ್ನು ನಾನು ಪರೀಕ್ಷೆ ಮಾಡುವುದಿಲ್ಲ. "ಈಗ ಬಿಡುವಿದೆ, ಮಾಡ್ಬಿಡಿ ಮೇಡಂ" ಅಂತಾರೆ. ಆದರೂ ಒಪ್ಪುವುದಿಲ್ಲ. ದಿನವಿಡೀ ಸದ್ದು ತಿಂದ ಕಿವಿ ಕೆಲವು ಗಂಟೆ ಮಂದವಾಗಿರುತ್ತದೆ. ಆಗ ಅಳೆದರೆ ದಣಿವು ಎಷ್ಟು, ನಿಜವಾದ ನಷ್ಟ ಎಷ್ಟು ಗೊತ್ತಾಗುವುದಿಲ್ಲ. ಅದಕ್ಕೇ ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದವರನ್ನು ವಾರದ ರಜೆಯ ಮರುದಿನ ಬೆಳಿಗ್ಗೆ, ಮಗ್ಗ ಶುರುವಾಗುವ ಮೊದಲೇ ಕರೆಸುತ್ತೇನೆ. ಕಡೇಪಕ್ಷ 14 ಗಂಟೆ ಸದ್ದಿನಿಂದ ದೂರ ಇದ್ದಿರಬೇಕು. ಮನೆಯಲ್ಲೇ ಮಗ್ಗ ಇರುವವರಿಗೆ ಇದು ಕಷ್ಟ. ತಾನು ನಿಲ್ಲಿಸಿದರೂ ಗೋಡೆಯಾಚೆ ಅಣ್ಣನ ಮಗ್ಗ ಓಡುತ್ತಿರುತ್ತದೆ. ಅಂಥವರಿಗೆ, ಹಿಂದಿನ ರಾತ್ರಿ ನೆಂಟರ ಮನೆಯಲ್ಲಿ ಮಲಗಿ ಬನ್ನಿ ಅಂದದ್ದೂ ಉಂಟು.

ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿರುವಂಥ ಸದ್ದಿಲ್ಲದ ಕೋಣೆ ಇಲ್ಲೆಲ್ಲಿ ಸಿಗಬೇಕು? ಕಲ್ಯಾಣ ಮಂಟಪದ ಉಗ್ರಾಣ ಸಿಕ್ಕರೆ ಸಾಕು. ಫ್ಯಾನ್ ಆಫ್. ಹೊರಗಿನ ಗದ್ದಲ 250, 500 ಹರ್ಟ್ಸ್‌ನ ದಪ್ಪ ಸ್ವರಗಳನ್ನು ಮುಚ್ಚಿಬಿಡುತ್ತದೆ, ಆ ಅಂಕಿಗಳನ್ನು ನಾನು ಅಷ್ಟಾಗಿ ನಂಬುವುದಿಲ್ಲ. ನನಗೆ ಮುಖ್ಯವಾಗಿ ಬೇಕಾದದ್ದು 3000ದಿಂದ 6000 ಹರ್ಟ್ಸ್‌ನ ತೆಳು ಸ್ವರಗಳು. ಕರೆಂಟ್ ಹೋದರಂತೂ ಹಬ್ಬ. ಕಿವಿ ಅಳೆಯುವ ನನ್ನ ಯಂತ್ರ, ಆಡಿಯೋಮೀಟರ್, ಬ್ಯಾಟರಿಯದ್ದು!

ಮೊದಲು ಕಿವಿಯೊಳಗೆ ನೋಡುತ್ತೇನೆ. ಗುಗ್ಗೆ ತುಂಬಿದ್ದರೆ ಅದನ್ನು ತೆಗೆಸಿ ಆಮೇಲೆ ಪರೀಕ್ಷೆ. ಕಿವಿಯೊಳಗೆ ಸದಾ 'ಗುಂಯ್' ಅನ್ನುತ್ತೆ ಅನ್ನುವವರಿಗೆ ಒಂದೇ ಸಮನೆ ಸದ್ದು ಕೊಡಬಾರದು. ಒಳಗಿನದು ಯಾವುದು, ಹೊರಗಿನದು ಯಾವುದು ಅಂತ ಗೊಂದಲವಾಗುತ್ತದೆ. ಬಿಟ್ಟು ಬಿಟ್ಟು ಬರುವ ಸದ್ದು ಕೊಡುತ್ತೇನೆ. ಕೇಳಿಸುವ ಅತಿ ಸಣ್ಣ ಸದ್ದು ಸಿಗುವವರೆಗೆ, ಕೇಳಿಸಿದರೆ 10 ಡೆಸಿಬೆಲ್ ಇಳಿಸು, ಕೇಳಿಸದಿದ್ದರೆ 5 ಏರಿಸು. ಒಂದೊಂದು ಸ್ವರಕ್ಕೂ ಸಿಕ್ಕಿದ್ದನ್ನು ನಕ್ಷೆಯಲ್ಲಿ ಗುರುತಿಸಿ ಗೆರೆ ಎಳೆಯುತ್ತೇನೆ. ಸದ್ದಿನಿಂದ ಕೆಟ್ಟ ಕಿವಿಯ ಗೆರೆ ಸಾಮಾನ್ಯವಾಗಿ 4000 ಹರ್ಟ್ಸ್ ಹತ್ತಿರ ಗುಂಡಿಗೆ ಬಿದ್ದು, 8000ಕ್ಕೆ ಮತ್ತೆ ಮೇಲೇಳುತ್ತದೆ. ಇಂಥವರಿಗೆ ದನಿ ಕೇಳಿಸುತ್ತದೆ, ಮಾತು ಬಿಡಿಬಿಡಿಯಾಗಿ ತಿಳಿಯುವುದಿಲ್ಲ. ಸ, ಶ, ಚ ಎಲ್ಲ ಜಾರಿಹೋಗುತ್ತವೆ. "ನನಗೇನೂ ಆಗಿಲ್ಲ, ಸೊಸೆ ಗೊಣಗುತ್ತಾಳೆ ಅಷ್ಟೇ" ಅನ್ನುವ ಯಜಮಾನರು ಜಾಸ್ತಿ.

ಇಲ್ಲಿವರೆಗೆ ಸುಲಭ. ಇಯರ್ ಪ್ಲಗ್ ಹಾಕಿಸುವುದೇ ನಿಜವಾದ ಕೆಲಸ. ನಾನು ಅಳೆದ ಶೆಡ್‌ನಲ್ಲಿ ಸದ್ದು 90 ಡೆಸಿಬೆಲ್ ದಾಟಿತ್ತು. ಕೆಲಸಗಾರರ ಆರೋಗ್ಯ ನೋಡುವ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕದಲ್ಲಿ 85 ಡೆಸಿಬೆಲ್ ಇದ್ದರೆ 8 ಗಂಟೆ ಕೆಲಸ ಮಾಡಬಹುದು, ಪ್ರತಿ 3 ಏರಿದಂತೆ ಸಮಯ ಅರ್ಧ. ಅಂದರೆ 94ಕ್ಕೆ ಒಂದೇ ಗಂಟೆ. ಇದನ್ನೆಲ್ಲ ಹೇಳಿದೆ. ತಲೆಯಾಡಿಸಿದರು, ಯಾರೂ ಹಾಕಲಿಲ್ಲ. ಕೇಳಿದರೆ, "ಎಳೆ ಕಡಿದದ್ದು ಹೆಂಗ್ ಗೊತ್ತಾಗ್ಬೇಕು? ಮಗ್ಗದ ಸದ್ದು ಬದಲಾದರೆ ತಾನೇ ನಾವು ತಿರುಗಿ ನೋಡೋದು" ಅಂದರು. ಅದು ಸೋಮಾರಿತನದ ನೆಪ ಅಲ್ಲ, ಕಸುಬಿನ ಮಾತು. ಹಾಗಾಗಿ ಹೆಚ್ಚು ಸದ್ದು ತಡೆಯುವ ಪ್ಲಗ್ ಬಿಟ್ಟು, ಬೇಕಾದಷ್ಟನ್ನೇ ತಡೆಯುವುದನ್ನು ತಂದೆ. ಕಿವಿ ಚೆನ್ನಾಗಿರುವ ಹುಡುಗರಿಗೆ ಮೊದಲು ಕೊಟ್ಟೆ. ಗದ್ದಲವೂ ಮಗ್ಗದ ಏರುಪೇರೂ ಒಟ್ಟಿಗೇ ತಗ್ಗುವುದರಿಂದ ಅವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆಗಲೇ ಕಿವಿ ಮಂದವಾದವರಿಗೆ ಇದು ಅಷ್ಟು ಸಲೀಸಲ್ಲ, ಒಬ್ಬೊಬ್ಬರಿಗೂ ನೋಡಿಯೇ ಕೊಡಬೇಕು.

ಸ್ಪಂಜಿನ ಪ್ಲಗ್ ಸುಮ್ನೆ ತುರುಕಿದರೆ ಪ್ರಯೋಜನವಿಲ್ಲ. ಬೆರಳಲ್ಲಿ ಹೊಸೆದು ಸಣ್ಣ ಬತ್ತಿ ಮಾಡಬೇಕು. ಇನ್ನೊಂದು ಕೈಯನ್ನು ತಲೆ ಮೇಲಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆಯಬೇಕು. ಒಳಗೆ ತಳ್ಳಿ, ಉಬ್ಬುವವರೆಗೆ ಅರ್ಧ ನಿಮಿಷ ಹಿಡಿದಿರಬೇಕು. ಆಮೇಲೆ ಎರಡೂ ಅಂಗೈಯಿಂದ ಕಿವಿ ಮುಚ್ಚಿ ನೋಡಿ: ಸದ್ದು ಇನ್ನೂ ತುಂಬ ಕಡಿಮೆಯಾದರೆ ಪ್ಲಗ್ ಸರಿಯಾಗಿ ಕೂತಿಲ್ಲ. ಹತ್ತಿ ಇಟ್ಟುಕೊಂಡರೆ ಏನೂ ಸಾಲದು.

ಕಿವಿಯಂತ್ರ ಬೇಕಾದವರಿಗೆ ನಾನು ಸಾಮಾನ್ಯವಾಗಿ ಕಿವಿಯನ್ನು ಪೂರ್ತಿ ಮುಚ್ಚದ ಬಗೆಯದನ್ನು ಹಾಕುತ್ತೇನೆ. ದಪ್ಪ ಸ್ವರ ಹಾಗೇ ಒಳಗೆ ಬರುತ್ತದೆ, ತೆಳು ಸ್ವರವನ್ನಷ್ಟೇ ಯಂತ್ರ ಎತ್ತಿ ಕೊಡುತ್ತದೆ. ಅದನ್ನು ಮಾತ್ರ ಶೆಡ್‌ಗೆ ಹಾಕಿಕೊಂಡು ಹೋಗಬೇಡಿ. ಆಫ್ ಮಾಡಿಟ್ಟರೂ ಅದು ಪ್ಲಗ್ಗಿನ ಕೆಲಸ ಮಾಡುವುದಿಲ್ಲ. ಮನೆಯಲ್ಲೇ ಡಬ್ಬಿಯೊಳಗಿಟ್ಟು ಹೋಗಿ.