ಕಡಿಯದೆ ಇಳಿದು ಬಂದದ್ದಕ್ಕೆ ದುಡ್ಡು

ಹೌಸಿಂಗ್ ಸೊಸೈಟಿ ಗೇಟಿನಲ್ಲಿ ವಾಚ್‌ಮನ್ ರಿಜಿಸ್ಟರ್ ಮುಂದಿಟ್ಟು 'ಕ್ಯಾ ಕಾಮ್?' ಎಂದು ಕೇಳುತ್ತಾನೆ. 'ಝಾಡ್ ಕಾ' ಅನ್ನುತ್ತೇನೆ. ಒಂದೆರಡು ಕಡೆ ಅದು 'ಝಾಡೂವಾಲಾ' ಅಂತ ದಾಖಲಾಗಿದೆ. ಮರದವನು ಹೋಗಿ ಪೊರಕೆಯವನಾದೆ. ತಿದ್ದಲಿಕ್ಕೆ ಹೋಗಲಿಲ್ಲ. ನಾನು ಟ್ರೀ ಸರ್ಜನ್, ಮರದ ಕೊಂಬೆ ಸವರಿ ಅದರ ಆರೋಗ್ಯ ನೋಡುವವನು. ಹಾಗಂದರೆ ಏನು ಅಂತ ಊರಿನಲ್ಲಿರುವ ನನ್ನ ಅಕ್ಕನಿಗೇ ಗೊತ್ತಿಲ್ಲ. 'ತಮ್ಮ ಬೊಂಬಾಯಿಯಲ್ಲಿ ಮರ ಹತ್ತುತ್ತಾನೆ' ಅಂತಲೇ ಅವಳು ಹೇಳುವುದು. ಅಪ್ಪ ಅಡಿಕೆ ಮರ ಹತ್ತುತ್ತಿದ್ದರು. ಅದೇ ಕೆಲಸಕ್ಕೆ ಬೊಂಬಾಯಿಗೆ ಯಾಕೆ ಹೋಗಬೇಕಿತ್ತು ಅನ್ನುವುದು ಅವಳ ಪ್ರಶ್ನೆ.

ನಾನು ಬಂದದ್ದು 1996ರಲ್ಲಿ, ಬೆಳ್ತಂಗಡಿ ಕಡೆಯಿಂದ, ಮಾಟುಂಗದ ಒಂದು ಹೋಟೆಲಿಗೆ. ಹಗಲು ಟೇಬಲ್ ಒರೆಸುವುದು, ರಾತ್ರಿ ಕನ್ನಡ ಶಾಲೆ. ನಮ್ಮ ಕಡೆಯ ಹುಡುಗರು ಆಗ ಹೆಚ್ಚಾಗಿ ನಡೆದ ದಾರಿಯೇ ಅದು. ಧಣಿಗಳ ಬಿಲ್ಡಿಂಗಿನ ಹಿಂದೆ ನಾಲ್ಕು ತೆಂಗಿನ ಮರ ಇದ್ದವು. ಒಣ ಮಡಲು ಯಾರ ತಲೆ ಮೇಲೆ ಬೀಳುತ್ತದೋ ಅಂತ ಎಲ್ಲರಿಗೂ ಹೆದರಿಕೆ. 'ನಿಂಗೆ ಹತ್ಲಿಕ್ಕೆ ಬರ್ತದಾ ಮಾರಾಯ?' ಅಂದರು. ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ಹತ್ತಿದೆ. ಮರಕ್ಕೆ 20 ರೂಪಾಯಿ. ಒಂದು ತಿಂಗಳಲ್ಲಿ ಆ ಗಲ್ಲಿಯ ತೆಂಗಿನ ಮರಗಳೆಲ್ಲ ನನ್ನವೇ ಆದವು.

ಆಮೇಲೆ ಒಬ್ಬ ಗುತ್ತಿಗೆದಾರನ ಕೈಕೆಳಗೆ ಸೇರಿದೆ. ಏಪ್ರಿಲ್, ಮೇ ಬಂತೆಂದರೆ ಮಳೆಗಾಲಕ್ಕೆ ಮುಂಚಿನ ಕಟಿಂಗ್. ಮರ ಎಣಿಸಿ ಕೂಲಿ. ಹಾಗಾಗಿ ಬೇಗ ಬೋಳಿಸಿದವನೇ ಜಾಣ. ತುದಿ ಹಾರಿಸು, ಮೊಂಡು ಬಿಡು, ಮುಂದಿನ ಮರಕ್ಕೆ ನಡಿ. ಆರು ವರ್ಷ ಅದನ್ನೇ ಮಾಡಿದೆ. ಹೇಳಿಕೊಳ್ಳಲು ನಾಚಿಕೆ ಆಗುತ್ತದೆ, ಆದರೆ ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ. ನಾನೇ ಬೋಳಿಸಿದ ಮರಗಳ ಕೆಳಗೆ ಎರಡು ಮೂರು ವರ್ಷ ಬಿಟ್ಟು ಹಾದುಹೋಗುವಾಗ ತಲೆ ಎತ್ತಿ ನೋಡುತ್ತಿದ್ದೆ. ಮೊಂಡಿನ ಸುತ್ತ ಪೊರಕೆ ಕಟ್ಟಿದ ಹಾಗೆ ಹತ್ತಾರು ಕೊಂಬೆ ಎದ್ದಿರುತ್ತಿದ್ದವು. ನೋಡಲು ಹಸಿರು, ದಪ್ಪ. ಆದರೆ ಅವು ಮರದ ಒಳಗಿನಿಂದ ಬಂದವಲ್ಲ, ಮೇಲೆ ಅಂಟಿಸಿದ ಹಾಗೆ ಇರುತ್ತವೆ. ಗಾಳಿ ಬಂದರೆ ಮೊದಲು ಮುರಿಯುವುದು ಅವೇ. ಅಂದರೆ ಅಪಾಯ ತೆಗೆಯಲು ಕೂಲಿ ತಗೊಂಡು ನಾನು ಅಪಾಯ ನೆಟ್ಟು ಬಂದಿದ್ದೆ.

ಪುಣೆಯಲ್ಲಿ ಒಂದು ವಾರದ ತರಬೇತಿಗೆ ಹೋದದ್ದು ಆಗ. ಅಲ್ಲಿ ಮೊದಲ ದಿನ ಕೈಗೆ ಗರಗಸವನ್ನೇ ಕೊಡಲಿಲ್ಲ. ಕೊಂಬೆಯ ಬುಡ ಮುಟ್ಟಿ ನೋಡು ಅಂದರು. ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು, ಅಂಗಿಯ ಕಾಲರ್ ಇದ್ದ ಹಾಗೆ. ಮರ ತನ್ನ ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದ. ನಮ್ಮ ಚರ್ಮದ ಹಾಗೆ ಅದು ವಾಸಿಯಾಗುವುದಿಲ್ಲ, ಕೆಟ್ಟ ಭಾಗಕ್ಕೆ ಗೋಡೆ ಕಟ್ಟಿ ಮುಂದೆ ಬೆಳೆಯುತ್ತದೆ. ಅಮೆರಿಕದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರ ಸೀಳಿ ನೋಡಿ ಇದನ್ನು ತೋರಿಸಿದರಂತೆ. ಹಾಗಾಗಿ ಉಬ್ಬನ್ನು ಕೆರೆಯಬಾರದು, ಮೊಂಡೂ ಬಿಡಬಾರದು. ಡಾಂಬರು ಬಳಿಯುವುದರಿಂದ ಏನೂ ಪ್ರಯೋಜನ ಇಲ್ಲ.

ಭಾರದ ಕೊಂಬೆಗೆ ಮೂರು ಏಟು. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಎರಡನೆಯದು ಅದಕ್ಕಿಂತ ಇನ್ನೊಂದಿಷ್ಟು ಆಚೆ, ಮೇಲಿನಿಂದ. ಕೊಂಬೆ ಚಟ್ ಅಂತ ಮುರಿದು ಹೋಗುತ್ತದೆ, ಸಿಪ್ಪೆ ಸುಲಿದುಕೊಂಡು ಕಾಂಡದ ತನಕ ಬರುವುದಿಲ್ಲ. ಉಳಿದ ಮೊಂಡನ್ನು ಕಾಲರ್‌ನ ಹೊರಗೆ ನಿಧಾನಕ್ಕೆ ತೆಗೆಯಬೇಕು. ಮೊದಲಿನ ಏಟನ್ನು ಸೋಮಾರಿತನದಿಂದ ಬಿಟ್ಟವರ ಮರ ನೋಡಿದ ಕೂಡಲೇ ಗೊತ್ತಾಗುತ್ತದೆ, ತೊಗಟೆ ಮೊಳದುದ್ದ ಹರಿದಿರುತ್ತದೆ.

ಈಗ ನನ್ನ ಜೊತೆ ಮೂವರು ಹುಡುಗರು. ಕೆಳಗೆ ಹಗ್ಗ ಹಿಡಿಯುವವನು ಯಾದಗಿರಿ ಕಡೆಯವನು, ಕೈ ಬಲ ಜಾಸ್ತಿ, ಮಾತು ಕಡಿಮೆ. ಅವನು ಸೇರಿದ ಹೊಸತರಲ್ಲಿ ಆದದ್ದು ಇದು. ಸಾಯನ್‌ನಲ್ಲಿ ಒಂದು ಮಳೆ ಮರ (ರೇನ್ ಟ್ರೀ). ಆಳೆತ್ತರದ ಕೊಂಬೆಯನ್ನು ಕೊಯ್ದು ಹಗ್ಗದಲ್ಲಿ ತೂಗುಹಾಕಿದ್ದೆವು, ಕೆಳಗೆ ಒಂದು ಹೊಸ ಕಾರು. ಪಕ್ಕದಲ್ಲಿ ಇನ್ನೊಂದು ಸಣ್ಣ ಕೊಂಬೆಯಲ್ಲಿ ಕಾಗೆ ಗೂಡು ಕಂಡಿತು. ಕಟಿಂಗ್ ಮಾಡುವ ತಿಂಗಳುಗಳೇ ಕಾಗೆ ಮೊಟ್ಟೆ ಇಡುವ ಕಾಲ, ಏನು ಮಾಡುವುದು. ಮೇಲಿದ್ದ ಇನ್ನೊಬ್ಬ ಹುಡುಗನಿಗೆ 'ಅದನ್ನ ಬಿಡು' ಅಂತ ಕೂಗಿದೆ. ಕೆಳಗಿನವನು ಹಗ್ಗ ಬಿಟ್ಟ.

ಕೊಂಬೆ ತೂಗಿ ಬಂದು ನನ್ನ ಎಡ ಭುಜಕ್ಕೆ ಹೊಡೆದು ಕಾರಿನ ಪಕ್ಕ ಬಿತ್ತು. ಕಾರಿಗೆ ಏನೂ ಆಗಲಿಲ್ಲ. ನನಗೆ ಎರಡು ತಿಂಗಳು ಕೈ ಮೇಲೆತ್ತಲು ಆಗಲಿಲ್ಲ. 'ಅಣ್ಣಾ, ನೀವೇ ಬಿಡು ಅಂದ್ರಲ್ರೀ' ಅಂತ ಅವನು ಅಳುಮುಖ ಮಾಡಿಕೊಂಡು ನಿಂತಿದ್ದ. ಅವನದೇನು ತಪ್ಪು? ತಪ್ಪಿದ್ದರೆ ನನ್ನದು, ಇಲ್ಲವೇ ಕನ್ನಡದ್ದು. ಅವತ್ತಿನಿಂದ ನಮ್ಮಲ್ಲಿ 'ಬಿಡು' ಬಂದ್. 'ಇಳಿಸು', 'ಹಿಡಿ', 'ನಿಲ್ಲು', ಈ ಮೂರೇ ಮಾತು. ಊಟಕ್ಕೆ ಕೂತಾಗಲೂ ಯಾರಾದರೂ 'ಬಿಡಣ್ಣ' ಅಂದರೆ ಎಲ್ಲರೂ ಒಮ್ಮೆ ಮೇಲೆ ನೋಡುತ್ತೇವೆ.

ವಿಮೆಯ ವಿಷಯ ಹೇಳದಿರುವುದೇ ಒಳ್ಳೆಯದು. ತೆಂಗಿನ ಮರ ಹತ್ತುವವರಿಗೆ ತೆಂಗು ಅಭಿವೃದ್ಧಿ ಮಂಡಳಿಯ ಅಪಘಾತ ವಿಮೆ ಇದೆ. ಮಳೆ ಮರ ಹತ್ತುವ ನಾನು ಏಜೆಂಟ್ ಹತ್ತಿರ ಹೋದರೆ, 'ಎಷ್ಟು ಅಡಿ ಎತ್ತರ?' ಅಂತ ಕೇಳಿ ಫಾರಂ ವಾಪಸ್ ಎಳೆದುಕೊಂಡ.

ಜನರಿಗೆ ಕೊಂಬೆಯ ಹೆದರಿಕೆ. ನಾನು ಮೊದಲು ನೋಡುವುದು ಬುಡ. 2021ರ ಮೇ 17ರಂದು ತೌಕ್ತೆ ಚಂಡಮಾರುತ ಬಂದಾಗ ಎರಡು ವಾರ ಬಿದ್ದ ಮರ ಕೊಯ್ಯುವುದೇ ಕೆಲಸವಾಯಿತು. ನಿಂತ ಮರಕ್ಕಿಂತ ಬಿದ್ದ ಮರ ಅಪಾಯ. ಎಲ್ಲಿ ಬಿಗಿ ಇದೆಯೋ, ಕೊಯ್ದಾಗ ಯಾವ ಕಡೆ ಚಿಮ್ಮುತ್ತದೋ ಗೊತ್ತಾಗುವುದಿಲ್ಲ. ಆಗ ಒಂದು ಗುಲ್‌ಮೊಹರ್‌ನ ಬೇರು ನೋಡಿದೆ. ರಸ್ತೆಯ ಕಡೆಯ ಬೇರೆಲ್ಲ ಚೂರಿಯಲ್ಲಿ ಕತ್ತರಿಸಿದ ಹಾಗೆ ನೇರ. ಯಾವಾಗಲೋ ಪೈಪಿಗೆ ಅಂತ ಅಗೆದು, ಮುಚ್ಚಿ, ಮೇಲೆ ಕಾಂಕ್ರೀಟ್ ಹಾಕಿದ್ದರು. ಮೊದಲೇ ಮೇಲ್ಮೇಲೆ ಬೇರು ಬಿಡುವ ಮರ ಅದು. ಒಂದೇ ಕಾಲಿನಲ್ಲಿ ಅಷ್ಟು ವರ್ಷ ನಿಂತಿತ್ತು.

ಈಗ ನನ್ನ ಕೆಲಸದಲ್ಲಿ ಅರ್ಧ ಕಾಗದ. ಮಹಾರಾಷ್ಟ್ರದ 1975ರ ಮರ ಸಂರಕ್ಷಣೆ ಕಾಯಿದೆ ಪ್ರಕಾರ ಸೊಸೈಟಿಯ ಸ್ವಂತ ಜಾಗದ ಮರಕ್ಕೂ ಅನುಮತಿ ಬೇಕು. 2021ರ ತಿದ್ದುಪಡಿಯಲ್ಲಿ 50 ವರ್ಷ ದಾಟಿದ ಮರ ಪಾರಂಪರಿಕ ಮರವಾಯಿತು. 'ಸುಮ್ನೆ ಭಾನುವಾರ ಬೆಳಿಗ್ಗೆ ಬಂದು ಮುಗಿಸಿಬಿಡಿ, ಯಾರಿಗೂ ಗೊತ್ತಾಗಲ್ಲ' ಅನ್ನುವವರು ತಿಂಗಳಿಗೆ ಇಬ್ಬರಾದರೂ ಸಿಗುತ್ತಾರೆ. ನಾನು ಒಲ್ಲೆ ಅಂದರೆ ಬೇರೆ ಯಾರೋ ಬರುತ್ತಾರೆ. ಸಂಪಾದನೆ ಹೋಗುವುದು ಅಲ್ಲೇ.

ಹೋದ ವರ್ಷ ಮುಲುಂಡ್‌ನ ಒಂದು ಸೊಸೈಟಿಯವರು ಕರೆದರು. ಹಳೆಯ ಮಳೆ ಮರ, ಬುಡದ ಹತ್ತಿರ ಪೊಟರೆ. ಸೆಕ್ರೆಟರಿ ಹೆದರಿ ಹೋಗಿದ್ದರು. ಮರದ ಸುತ್ತಿಗೆಯಿಂದ ಬುಡದ ಸುತ್ತ ತಟ್ಟಿದೆ. ಗಟ್ಟಿ ಇದ್ದಲ್ಲಿ ಟಕ್ ಟಕ್, ಟೊಳ್ಳಿದ್ದಲ್ಲಿ ಡೊಳ್ಳಿನ ಸದ್ದು. ಕಂಬಿ ತೂರಿಸಿ ಅಳೆದೆ. ಟೊಳ್ಳಾದ ಮರವೆಲ್ಲ ಬೀಳುವುದಿಲ್ಲ. ನಡುವಿನಿಂದ ತೊಗಟೆವರೆಗಿನ ಅಳತೆಯಲ್ಲಿ ಸುಮಾರು ಮೂರನೇ ಒಂದು ಭಾಗ ಸುತ್ತಲೂ ಗಟ್ಟಿ ಇದ್ದರೆ ಪೈಪಿನ ಹಾಗೆ ನಿಲ್ಲುತ್ತದೆ. ಇಲ್ಲಿ ಅದಕ್ಕಿಂತ ಜಾಸ್ತಿಯೇ ಇತ್ತು. ಬುಡದಲ್ಲಿ ಅಣಬೆ ಇಲ್ಲ, ಮಣ್ಣು ಬಿರಿದಿಲ್ಲ. ಹತ್ತಿ ಕವಲುಗಳನ್ನು ನೋಡಿದೆ. ಚಗಳಿ ಇರುವೆ ಕುತ್ತಿಗೆಗೆಲ್ಲ ಕಚ್ಚಿದವು, ಅಷ್ಟೇ.

ಇಳಿದು ಬಂದು 'ಏನೂ ಕಡಿಯುವುದು ಬೇಡ, ಬುಡದ ಕಾಂಕ್ರೀಟ್ ಒಡೆಸಿ, ವರ್ಷ ಬಿಟ್ಟು ಇನ್ನೊಮ್ಮೆ ನೋಡೋಣ' ಅಂದೆ. ಸೆಕ್ರೆಟರಿಗೆ ಸಮಾಧಾನವಾಯಿತು. ಬಿಲ್ ಕೊಟ್ಟಾಗ ಮುಖ ಬದಲಾಯಿತು. 'ಏನೂ ಕಡಿದೇ ಇಲ್ಲವಲ್ಲ?'

ವಾದ ಮಾಡಲಿಲ್ಲ. ಹುಡುಗನನ್ನು ಮತ್ತೆ ಮೇಲೆ ಹತ್ತಿಸಿ ನಾಲ್ಕು ಒಣ ಕೊಂಬೆ ಮುರಿಸಿ, ಗೇಟಿನ ಹತ್ತಿರ ಎಲ್ಲರಿಗೂ ಕಾಣುವ ಹಾಗೆ ರಾಶಿ ಹಾಕಿಸಿದೆ. ಒಣ ಕೊಂಬೆ ಹೇಗೂ ಒಂದು ದಿನ ಬೀಳುವಂಥದ್ದೇ. ಸೆಕ್ರೆಟರಿ ರಾಶಿಯ ಫೋಟೋ ತೆಗೆದು ಸೊಸೈಟಿ ಗ್ರೂಪಿಗೆ ಹಾಕಿದರು. ಸಂಜೆಯೊಳಗೆ ಪೂರ್ತಿ ದುಡ್ಡು ಬಂತು.